ಚುಚ್ಚಿದ ಹಾಳೆ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಒಂದು ಊರಿಗೆ ಕೆಟ್ಟ ಹೆಸರು ಬರುತ್ತದೆ, ಸುತ್ತಲಿನ ಊರುಗಳೆಲ್ಲ ತಾವು ಭಾರಿ ಸುಭಗರೆಂದು ಮೀಸೆ ತಿರುವುತ್ತವೆ. ಸಿಂದಗಿಯಿಂದ ಇಂಡಿ ಊರಿನ ಕಡೆ ಹೋಗುವ ಬಸ್ಸಿನಿಂದ ಇಳಿದು, ಭೀಮಾ ಹೊಳೆಯ ದಿಕ್ಕಿಗೆ ಕರಿಮಣ್ಣಿನಲ್ಲಿ ಒಂದಿಷ್ಟು ದೂರ ಕಾಲೆಳೆದರೆ ಸಿಗುವ ಊರು ಅಂದರೆ ಸಾಕು. ಎಪ್ಪತ್ತೈದನೆಯ ಇಸವಿ. ಗೌಡರ ಮನೆಗೆ ಕರೆಂಟು ಬಂದಿತ್ತು, ರೇಡಿಯೋ ಬಂದಿತ್ತು. ಊರ ಬಾವಿಯ ಮೆಟ್ಟಿಲು ತುಳಿಯುವ ಹಕ್ಕು ಮಾತ್ರ ಕೇರಿಯವರಿಗೆ ಇನ್ನೂ ಬಂದಿರಲಿಲ್ಲ.

ಕೇರಿಯ ಬಾಳಮ್ಮನಿಗೆ ಕಣ್ಣಿಲ್ಲ. ಚಿಕ್ಕ ಕೂಸಿದ್ದಾಗ ಸಿಡುಬು ಎದ್ದು ಎರಡನ್ನೂ ತಿಂದುಕೊಂಡು ಹೋಯಿತು. ಹನಮಪ್ಪನ ಗುಡಿಯ ಮುಂದೆ ಕೂಡಿಸು, ತುತ್ತು ಹುಟ್ಟುತ್ತದೆ ಎಂದು ಅವಳ ಅವ್ವ ಗುರವ್ವನಿಗೆ ಬುದ್ಧಿ ಹೇಳಿದವರು ಬಹಳ ಮಂದಿ. ಗುಡಿಯ ಮುಂದೆ ಎಂದರೆ ಮೆಟ್ಟಿಲ ಮೇಲೂ ಅಲ್ಲ, ಚಪ್ಪಲಿ ಬಿಡುವ ಜಾಗದ ಆಚೆ. ಗುರವ್ವ ಕೂಡಿಸಲಿಲ್ಲ. ಕಣ್ಣಿನ ಶಿಬಿರಕ್ಕೆ ಬಂದಿದ್ದ ಡಾಕ್ಟರರ ಕಾಲು ಹಿಡಿದು ಮಗಳನ್ನು ದೂರದ ಊರಿನ ಕುರುಡರ ಶಾಲೆಗೆ ಕಳಿಸಿದಳು. ಬಾಳಮ್ಮ ಅಲ್ಲಿ ಬ್ರೈಲ್ ಕಲಿತು, ದೊಡ್ಡವಳಾಗಿ ತಿರುಗಿ ಬಂದಳು. ಬರುವಾಗ ಒಂದು ಪಾಟಿ ತಂದಳು, ಒಂದು ಮೊಳೆ ತಂದಳು.

ಪಾಟಿ ಎಂದರೆ ಮಕ್ಕಳ ಕರಿ ಪಾಟಿಯಲ್ಲ. ಕಟ್ಟಿಗೆಯ ಹಲಗೆ, ಅದರ ಮೇಲೆ ಸಣ್ಣ ಸಣ್ಣ ಕಿಂಡಿಗಳ ಹಿತ್ತಾಳೆ ಪಟ್ಟಿ. ನಡುವೆ ದಪ್ಪ ಹಾಳೆ ಸಿಕ್ಕಿಸಿ, ಹಿಡಿಕೆಯಿದ್ದ ಮೊಳೆಯಿಂದ ಕಿಂಡಿಯೊಳಗೆ ಚುಚ್ಚಬೇಕು. ಆರು ಚುಕ್ಕಿಯೊಳಗೆ ಇಡೀ ಕನ್ನಡ. ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಿ ಹಾಳೆ ಮಗುಚಿದರೆ ಚುಚ್ಚಿದ್ದೆಲ್ಲ ಉಬ್ಬಿ ನಿಂತಿರುತ್ತದೆ. ಆಗ ಎಡದಿಂದ ಬಲಕ್ಕೆ ಬೆರಳಾಡಿಸಿ ಓದಬೇಕು. ಕಣ್ಣಿದ್ದವರಿಗೆ ಅದು ಬರೀ ತೂತಿನ ಕಾಗದ. ಬಾಳಮ್ಮನಿಗೆ ಅದೇ ಕಣ್ಣು.

ಊರಿಗೆ ಬಂದವಳಿಗೆ ಸಿಕ್ಕ ಕೆಲಸ ಬೀಸುವುದು. ಕೇರಿಯ ಹತ್ತಾರು ಮನೆಗಳ ಜೋಳ ಬೀಸುತ್ತಿದ್ದಳು. ಬೀಸುಕಲ್ಲಿನ ಗೂಟ ಹಿಡಿದು ಹಿಡಿದು ಬೆರಳ ತುದಿ ಜಡ್ಡುಗಟ್ಟಿದರೆ ಅಕ್ಷರ ಸತ್ತಂತೆ ಎಂದು ಅವಳಿಗೆ ಗೊತ್ತಿತ್ತು. ಬೆರಳಿಗೆಲ್ಲ ಚಿಂದಿ ಸುತ್ತಿಕೊಂಡು, ಅಂಗೈಯ ಬುಡದಿಂದಲೇ ಕಲ್ಲು ತಳ್ಳುತ್ತಿದ್ದಳು. ಅಂಗೈ ಒಡೆದು ನೀರು ಸೋರುತ್ತಿತ್ತು. ಬೀಸಿಸಿದವರು ನಗುತ್ತಿದ್ದರು. 'ಏನ ನಾಜೂಕ ನೋಡ್ರಿ, ಗೌಡಸಾನಿ ಬೆರಳ ಅದಾವ ಈಕೀವು!' ಬಾಳಮ್ಮ ನಗಲಿ ಬಿಡು ಎಂದು ಸುಮ್ಮನೆ ಬೀಸುತ್ತಿದ್ದಳು.

ಹೀಗಿರುವಾಗ ಕುರುಡರ ಶಾಲೆಯಿಂದ ಹೇಳಿಕಳಿಸಿದರು. ಸಣ್ಣ ಮಕ್ಕಳಿಗೆ ಕಲಿಸಲು ಒಬ್ಬಳು ಬೇಕಾಗಿದ್ದಾಳೆ. ನಾಲ್ಕನೆಯ ಇಯತ್ತೆಯ ಕನ್ನಡ ಪುಸ್ತಕ ಬ್ರೈಲಿನಲ್ಲಿ ಶಾಲೆಗಿಲ್ಲ. ಅದನ್ನು ಬರೆದು ತಂದರೆ ಮಕ್ಕಳಿಗೆ ಪುಸ್ತಕವಾಯಿತು, ನಿನಗೆ ನೌಕರಿಯಾಯಿತು, ಶಾಲೆ ಸುರುವಾಗುವುದರೊಳಗೆ ಬಾ. ನೌಕರಿ! ಕುರುಡಿಗೆ! ಅದೂ ಕೇರಿಯವಳಿಗೆ!

ಓದಿ ಹೇಳುವವರು ಬೇಕಿತ್ತು. ಕೇರಿಯಲ್ಲಿ ಓದು ಬಲ್ಲವರಿಲ್ಲ. ಸಿಂಪಿಗ ಬಂದೇನವಾಜನ ಹೆಂಡತಿ ಮೆಹರಾಜ ಒಪ್ಪಿಕೊಂಡಳು. ಅವಳು ಅಂಗಿಗೆ ಗುಂಡಿ ಹಚ್ಚುತ್ತ ಓದುತ್ತಿದ್ದಳು, ಇವಳು ಅವರ ಮನೆಯ ಕಟ್ಟೆಯ ಕೆಳಗೆ ಕೂತು ಚುಚ್ಚುತ್ತಿದ್ದಳು. ಟಕ್ ಟಕ್ ಟಕ್. ಸಂಜೆ ಗುಡಿಸಲಿಗೆ ಬಂದ ಮೇಲೂ ಉಳಿದದ್ದನ್ನು ನೆನಪಿನಿಂದ ಚುಚ್ಚುತ್ತಿದ್ದಳು. ಅವಳಿಗೆ ದೀಪ ಯಾಕೆ ಬೇಕು? ಕತ್ತಲ ಗುಡಿಸಲಿನಿಂದ ಆ ಸಪ್ಪಳ ಹೊರಗೆ ಬರುತ್ತಿತ್ತು. ದಾರಿಹೋಕರು ಹೆಜ್ಜೆ ಜೋರು ಮಾಡಿ ದಾಟುತ್ತಿದ್ದರು.

ತಪ್ಪಿದ ಹಾಳೆಗಳೂ ಇದ್ದವು. ಅವನ್ನು ಬಾಳಮ್ಮ ಮೂಲೆಗೆ ಒಗೆಯುತ್ತಿದ್ದಳು. ಗುರವ್ವ ಒಂದನ್ನೂ ಹಾಳು ಮಾಡುವ ಹೆಂಗಸಲ್ಲ. ಇಷ್ಟು ದಪ್ಪ ಕಾಗದ ಕಿರಾಣಿ ಅಂಗಡಿಯಲ್ಲೂ ಸಿಗುವುದಿಲ್ಲ.

ಗುರವ್ವ ಸೂಲಗಿತ್ತಿ. ಗೌಡ ಶ್ರೀಶೈಲಪ್ಪನ ಕಿರಿಸೊಸೆ ಗಂಡು ಹಡೆದಾಗ ಹಿತ್ತಲ ಬಾಗಿಲಿನಿಂದ ಅವಳನ್ನು ಒಳಗೆ ಕರೆದಿದ್ದರು. ಮೂರು ದಿನ ಬಾಣಂತಿಗೆ ಹೊಗೆ ಹಾಕಲು ಅಜವಾನ, ಅಂದರೆ ಓಮಿನ ಕಾಳು, ಒಯ್ಯುವುದು ಸೂಲಗಿತ್ತಿಯ ಪದ್ಧತಿ. ಗುರವ್ವ ಅಜವಾನವನ್ನು ಒಂದು ತಪ್ಪಿದ ಹಾಳೆಯಲ್ಲಿ ಕಟ್ಟಿಕೊಂಡು ಹೋದಳು. ಹೊಗೆ ಹಾಕಿ ಬಂದಳು. ಹಾಳೆ ಅಲ್ಲೇ ಬಾಣಂತಿ ಮಲಗಿದ ಹೊರಸಿನ ಕೆಳಗೆ ಉಳಿಯಿತು.

ಬಾಣಂತಿಗೆ ಜ್ವರ ಬಂತು. ಎದೆಯ ಹಾಲು ಬತ್ತಿತು. ದವಾಖಾನೆಗೆ ಒಯ್ಯಬೇಕಲ್ಲ? ಇಲ್ಲ. ಬಾಣಂತಿ ಹೊಸ್ತಿಲು ದಾಟಬಾರದಂತೆ. ಹೇಳಿಕೆ ಹೇಳುವ ಸೋಮನಿಂಗನನ್ನು ಕರೆಸಿದರು. ಅವ ಬಂದು ಮೂಸಿ ನೋಡಿ ಹೊರಸಿನ ಕೆಳಗೆ ಕೈ ಹಾಕಿದ. ತೂತು ತೂತಿನ ಹಾಳೆ ಸಿಕ್ಕಿತು. ಬಾನಾಮತಿ ಎಂದ, ಮಾಟ ಎಂದ. ಅಷ್ಟೇ ಸಾಕಾಯಿತು, ಊರು ಹೊತ್ತಿಕೊಂಡಿತು.

ಹನಮಪ್ಪನ ಗುಡಿಯ ಕಟ್ಟೆಯ ಮುಂದೆ ಬಾಳಮ್ಮನನ್ನು ನಿಲ್ಲಿಸಿದರು. ಅವಳ ತಮ್ಮ ಪರಪ್ಪ ಗೌಡರ ಮನೆಯ ಆಳು. ಅವನನ್ನೇ ಕಳಿಸಿ ಕರೆಸಿದ್ದರು. ಗುರವ್ವ ದೂರ ನಿಂತು ಅಳುತ್ತಿದ್ದಳು. ಬಾಳಮ್ಮನಿಗೆ ಅಂಜಿಕೆ ಇರಲಿಲ್ಲ. ತಿಳಿಸಿ ಹೇಳಿದರೆ ಮುಗಿಯಿತು ಎಂದುಕೊಂಡಿದ್ದಳು. ಶಾಲೆಯಲ್ಲಿ ಅವಳಿಗೆ ಕಲಿಸಿದ್ದು ಅದನ್ನೇ.

'ಇದ ಯಾರದು?' ಗೌಡ ಕೇಳಿದ.

'ನಂದ್ರಿ ಯಪ್ಪಾ. ತಪ್ಪಿದ ಹಾಳಿ. ನಮ್ಮವ್ವ ಅದರಾಗ ಅಜವಾನ ಕಟ್ಟಿ ತಂದಾಳ್ರಿ.'

'ಯಾಕ ಚುಚ್ಚೀ?'

'ಅಕ್ಷರ ಬರದೇನ್ರಿ. ನಿಮಗ ಕಾಣೂದಿಲ್ಲ, ಬೆರಳಿಗೆ ಹತ್ತತಾವ. ಕೊಡ್ರಿ, ಓದಿ ತೋರಸ್ತೇನಿ.'

ಗೌಡ ಹಾಳೆಯನ್ನು ಕೈಗೆ ಕೊಡಲಿಲ್ಲ. ನೆಲಕ್ಕೆ ಒಗೆದ. ಬಾಳಮ್ಮ ಮಂಡಿಯೂರಿ ಧೂಳಿನಲ್ಲಿ ತಡಕಾಡಿದಳು. ಒಬ್ಬ ಕಾಲಿನಿಂದ ಹಾಳೆಯನ್ನು ಆಚೆ ಸರಿಸಿದ. ಮಂದಿ ನಕ್ಕರು. ಅವಳು ಮತ್ತೆ ತಡಕಾಡಿದಳು, ಮತ್ತೆ ಸರಿಸಿದರು. ಕೊನೆಗೆ ಸಿಕ್ಕಿತು. ಧೂಳು ಝಾಡಿಸಿ, ತಲೆ ಕೆಳಗಾಗದಂತೆ ತಿರುವಿ, ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳು ಓಡಿತು.

'ಉಪ್ಪು ಸಮುದ್ರದ ನೀರಿನಿಂದ ದೊರೆಯುತ್ತದೆ. ಉಪ್ಪಿಲ್ಲದೆ ಊಟ ರುಚಿಸುವುದಿಲ್ಲ. ಬಡವನೂ ಬಲ್ಲಿದನೂ ಉಪ್ಪನ್ನು ಉಣ್ಣುತ್ತಾರೆ.'

ಓದುತ್ತ ಅವಳ ದನಿ ಏರಿತು. ಇಡೀ ಊರಿನ ಮುಂದೆ ಓದುತ್ತಿದ್ದೇನೆ ಎಂದು ಅವಳಿಗೆ ಹಿಗ್ಗು. ಯಾರಾದರೂ ಭಲೇ ಅಂದಾರು ಎಂದು ಕಿವಿಗೊಟ್ಟಳು. ಒಬ್ಬ ಹೆಂಗಸು ಕಿರುಚಿದಳು.

'ಅಯ್ಯ ಶಿವನ! ಕಣ್ಣಿಲ್ಲದಾಕಿ ಓದತಾಳವಾ!'

'ಉಪ್ಪಂದ್ಲು, ಕೇಳಿದ್ರಿಲ್ಲೋ?' ಸೋಮನಿಂಗ ಎದ್ದು ನಿಂತ. 'ಉಪ್ಪ ಬಿದ್ದರ ಹಾಲ ಒಡೀತೈತಿ. ಬಾಣಂತಿ ಹಾಲಿಗೆ ಉಪ್ಪ ಹಾಕ್ಯಾಳ ಈಕಿ. ಬಾಯಿಲೆ ಒಪ್ಪಿಕೊಂಡ್ಲು!'

ಮಂದಿ ಹಿಂದೆ ಸರಿದ ಸಪ್ಪಳ ಬಾಳಮ್ಮನಿಗೆ ಕೇಳಿತು. ಓದದಿದ್ದರೆ ಅದು ಮಾಟದ ಕಾಗದ. ಓದಿದರೆ ತಾನು ಮಾಟಗಾತಿ. ಎತ್ತ ಹೋದರೂ ದಾರಿಯಿಲ್ಲ.

ಅಷ್ಟರಲ್ಲಿ ಮೆಹರಾಜ ಓಡಿ ಬಂದಳು. 'ಗೌಡ್ರ, ನಿಮ್ಮ ಕಾಲ ಬೀಳತೇನಿ. ಆ ಪಾಠ ನಾನ ಓದಿ ಹೇಳೇನ್ರಿ. ಇಲ್ಲೈತಿ ನೋಡ್ರಿ, ಸರಕಾರದ ಪುಸ್ತಕ. ನೀವ ಓದಿ ನೋಡ್ರಿ.'

ಗೌಡ ಓದು ಬಲ್ಲವ. ಪುಟ ಮಗುಚುವ ಸಪ್ಪಳ ಬಾಳಮ್ಮನಿಗೆ ಕೇಳಿತು. ಮಗುಚಿತು, ಮಗುಚಿತು, ನಿಂತಿತು. ಸಿಕ್ಕಿತು ಪಾಠ, ಈಗ ನೋಡುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಪುಸ್ತಕ ಪಟ್ಟನೆ ಮುಚ್ಚಿತು.

'ಕೇರಿಯಾಕಿ ಮಾಸ್ತರಕಿ ಮಾಡಾಕ ಹೊಂಟಾಳಂತ,' ಎಂದ ಗೌಡ. 'ಬಂದೇನವಾಜ, ನಿನ್ನ ಹೆಂಡತಿನ್ನ ಮನಿಗೆ ಕರಕೊಂಡ ಹೋಗು. ಇಲ್ಲಂದ್ರ ಆಕಿ ಬಾಯಿನೂ ನೋಡಬೇಕಾಗತೈತಿ.'

ಬಂದೇನವಾಜ ಹೆಂಡತಿಯ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಅವನನ್ನು ಬೈಯುವುದಿಲ್ಲ. ಊರಲ್ಲಿ ಮುಸಲ್ಮಾನರ ಮನೆ ಅವನದೊಂದೇ.

ತೀರ್ಪಾಯಿತು. ಬರೆದ ಹಾಳೆಗಳನ್ನೆಲ್ಲ ಬಾಳಮ್ಮ ತನ್ನ ಕೈಯಿಂದಲೇ ಸುಡಬೇಕು. ಇದು ಬಾನಾಮತಿ, ಇನ್ನು ಮಾಡುವುದಿಲ್ಲ ಎಂದು ಹನಮಪ್ಪನ ಆಣೆ ಮಾಡಬೇಕು. ಆಗದಿದ್ದರೆ ಮುಂದಿನ ಹಲ್ಲು ಕೀಳಬೇಕು. ಹಲ್ಲು ಹೋದರೆ ಮಂತ್ರ ಬಾಯಲ್ಲಿ ನಿಲ್ಲುವುದಿಲ್ಲವಂತೆ.

ಪರಪ್ಪ ಗುಡಿಸಲಿನಿಂದ ಹಾಳೆಯ ಕಟ್ಟು, ಪಾಟಿ, ಮೊಳೆ ತಂದು ಅಕ್ಕನ ಮುಂದಿಟ್ಟ. 'ಅಕ್ಕಾ, ಸುಟ್ಟಬಿಡ. ಹಾಳಿ ಹೋದರ ಹೋಗ್ಲಿ. ನಿನ್ನ ಕಾಲ ಹಿಡೀತೇನಿ.'

ಬಾಳಮ್ಮ ಕಟ್ಟಿನ ಮೇಲೆ ಕೈಯಿಟ್ಟಳು. ಕೊನೆಯ ಎರಡು ಪಾಠ ಮಾತ್ರ ಉಳಿದಿದ್ದವು. ಅಂಗೈ ಒಡೆದು, ಬೆನ್ನು ನೊಂದು, ಮೊಳೆ ಒತ್ತಿ ಒತ್ತಿ ಹೆಬ್ಬೆರಳು ಬಾತು ಮಾಡಿದ ಕೆಲಸ. ಸುಟ್ಟರೆ ಶಾಲೆಯಿಲ್ಲ, ನೌಕರಿಯಿಲ್ಲ. ಸಾಯುವತನಕ ಬೀಸುಕಲ್ಲು. ಅದಕ್ಕಿಂತ ಹೆಚ್ಚಾಗಿ, ಅಕ್ಷರವನ್ನು ಮಾಟ ಎಂದು ತನ್ನ ಬಾಯಿಂದಲೇ ಹೇಳಬೇಕು. ಅವಳಿಗೆ ಸಿಟ್ಟು ಉಕ್ಕಿತು.

'ಸುಡಂಗಿಲ್ರಿ,' ಎಂದಳು. 'ಇದು ಕೂಸುಗಳ ಪುಸ್ತಕ. ಸುಡಂಗಿಲ್ಲ.'

ಕಮ್ಮಾರನ ಇಕ್ಕಳ ಬಂತು. ಆದರೆ ಹಿಡಿಯುವವರು ಯಾರು? 'ಆಕಿ ಬಾಯಾಗ ಕೈ ಹ್ಯಾಂಗ ಹಾಕೂದ್ರಿ ಗೌಡ್ರ? ಮೈಲಿಗಿ ಆಗತೈತಲ್ಲ,' ಎಂದಿತು ಒಂದು ದನಿ. ಹೌದು ಹೌದು ಎಂದವು ಹತ್ತು ದನಿ. ನೋಡಿರಿ ಇವರ ಮಡಿ! ಹೆಣ್ಣಿನ ಹಲ್ಲು ಕೀಳಬಹುದು, ಹೆಣ್ಣನ್ನು ಮುಟ್ಟಬಾರದು. ಈ ಹೆಣ್ಣಿನ ಅವ್ವನೇ ಅವರ ಸೊಸೆಯ ಬಸಿರಿನಿಂದ ಕೂಸು ಎಳೆದು ತೆಗೆದಾಗ ಮೈಲಿಗೆ ಎಲ್ಲಿಗೆ ಹೋಗಿತ್ತೋ!

'ತಮ್ಮ ಅದಾನಲ್ಲ,' ಎಂದ ಸೋಮನಿಂಗ. 'ಅವನೇ ಕೀಳಲಿ.'

ಪರಪ್ಪ ಒಲ್ಲೆ ಎಂದ. ಬಡಿದರು. ಮತ್ತೆ ಒಲ್ಲೆ ಎಂದ. ಗುಡಿಸಲಿಗೆ ಬೆಂಕಿ ಇಡುತ್ತೇವೆ, ನಿಮ್ಮವ್ವನನ್ನೂ ಒಳಗೆ ಹಾಕಿಯೇ ಇಡುತ್ತೇವೆ ಎಂದರು. ಪರಪ್ಪ ಇಕ್ಕಳ ಹಿಡಿದು ಅಕ್ಕನ ಮುಂದೆ ಕುಸಿದು ಕೂತ. ಅವನ ಕಣ್ಣೀರು ಅವಳ ಮೊಣಕಾಲ ಮೇಲೆ ಬಿತ್ತು.

ಬಾಳಮ್ಮ ಅವನ ಕಿವಿಯ ಹತ್ತಿರ ಬಾಯಿ ತಂದಳು. 'ಕೀಳು ತಮ್ಮಾ. ಹಲ್ಲಿಲೆ ಓದಂಗಿಲ್ಲ ನಾ.' ಹಾಗೆಂದು ಎರಡೂ ಕೈಯ ಮುಷ್ಟಿ ಕಟ್ಟಿ, ಕಂಕುಳಲ್ಲಿ ಒತ್ತಿಟ್ಟುಕೊಂಡು ಬಾಯಿ ತೆರೆದಳು.

ಮೊದಲನೆಯದು ಬೇಗ ಬರಲಿಲ್ಲ. ಇಕ್ಕಳ ಜಾರಿತು, ತುಟಿ ಹರಿಯಿತು. ಪರಪ್ಪ ಅಳುತ್ತ ಎಳೆದ. ದವಡೆಯೊಳಗೆ ಕಟ್ ಎಂದಿತು. ರಕ್ತ ಗಂಟಲಿಗೆ ಇಳಿದು ಬಾಳಮ್ಮನಿಗೆ ಉಸಿರು ಕಟ್ಟಿತು. ಇನ್ನೊಂದು ಎಂದರು. ಇನ್ನೊಂದೂ ಆಯಿತು. ಅವಳು ಕೂಗಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಕೂಗಿದಳು. ಅವ್ವಾ ಅವ್ವಾ ಎಂದು ಊರೆಲ್ಲ ಕೇಳುವಂತೆ ಕೂಗಿದಳು. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

ಹಲ್ಲು ಕೊಟ್ಟೆ, ಹಾಳೆ ಉಳಿಯಿತು ಎಂದುಕೊಂಡಳು ಹುಚ್ಚಿ. ಅವಳ ಮೂಗಿಗೆ ಹೊಗೆ ಬಡಿಯಿತು. ಗೌಡನ ಆಳುಗಳು ಹಾಳೆಯ ಕಟ್ಟಿಗೆ ಬೆಂಕಿ ಇಟ್ಟಿದ್ದರು. ದಪ್ಪ ಹಾಳೆ, ಸಾವಕಾಶ ಉರಿಯಿತು. ಪಾಟಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿದರು. ಮೊಳೆ ಎಲ್ಲಿ ಹೋಯಿತೋ. ಬಾಳಮ್ಮ ರಕ್ತ ಉಗುಳುತ್ತ ಬೆಂಕಿಯ ಕಡೆ ತೆವಳಿದಳು. ಪರಪ್ಪ ಹಿಡಿದುಕೊಂಡ.

ಮರುದಿನ ಗುರವ್ವ ಮಗಳನ್ನು ಪೊಲೀಸ್ ಚೌಕಿಗೆ ಒಯ್ದಳು. ಜಮಾದಾರ ಬಾಯಿ ತೆರೆಸಿ ನೋಡಿದ.

'ಯಾರ ಕಿತ್ತಾರ?'

'ಗೌಡ್ರ ಕೀಳಿಸ್ಯಾರ್ರಿ.'

'ಕೀಳಿಸಿದ್ದ ಬಿಡಬೇ. ಕಿತ್ತಾವ ಯಾರು? ಯಾರ ಕೈಯಾಗ ಇಕ್ಕಳ ಇತ್ತು?'

'ನನ್ನ ಮಗನ ಕೈಯಾಗ್ರಿ.'

'ಹಂಗಾದ್ರ ನಿನ್ನ ಮಗನ್ನ ಒಳಗ ಹಾಕಬೇಕಾಗತೈತಿ. ಬರಕೊಳ್ಳಲೇನು?'

ಗುರವ್ವ ಮಗಳ ಕೈ ಹಿಡಿದು ಹೊರಗೆ ಬಂದಳು. ಗೌಡನ ಮೈಗೆ ಮೈಲಿಗೆಯೂ ತಾಗಲಿಲ್ಲ, ಕಾಯಿದೆಯೂ ತಾಗಲಿಲ್ಲ.

ಆ ಸಂಜೆ ಮೆಹರಾಜ ಗುಡಿಸಲಿನ ಹಿಂದೆ ಬಂದು ನಿಂತಳು. 'ಬಾಳಮ್ಮಾ, ಮುಂಜಾನೆ ಬಸ್ಸಿಗೆ ಹೋಗಿಬಿಡ. ಸಾಲಿಗೆ ಹೋಗಿ ನಡೆದದ್ದ ಹೇಳ. ಪಾಠ ಅಲ್ಲೇ ಯಾರರ ಓದತಾರ. ಬೆರಳ ಅದಾವಲ್ಲ ನಿನಗ.' ಬಾಳಮ್ಮ ಬಾತ ಬಾಯಿಂದ ಮಾತಾಡಲಾಗದೆ ಗೋಣು ಹಾಕಿದಳು. ಮೆಹರಾಜ ಮತ್ತೆ ಅಲ್ಲಿ ನಿಲ್ಲದೆ ಹೋದಳು. ಹೋಗಬೇಕು. ಇನ್ನೊಂದು ದಿನ ಇಲ್ಲಿದ್ದರೆ ಸಾಯುತ್ತೇನೆ ಎಂದು ಅವಳಿಗೆ ಅನ್ನಿಸಿತು.

ಬೆಳಗಾಯಿತು. ಬಾಣಂತಿಯ ಜ್ವರ ಇಳಿದಿರಲಿಲ್ಲ. ಹೇಗೆ ಇಳಿದೀತು? ಹಲ್ಲು ಕಿತ್ತರೆ ಜ್ವರ ಇಳಿಯುವುದೇ? ಸೋಮನಿಂಗನಿಗೆ ಈಗ ಹೊಸ ಹೇಳಿಕೆ ಆಗಿತ್ತು. ಬಾಳಮ್ಮ ಸೀರೆಯ ಗಂಟು ಕಟ್ಟಿಕೊಂಡು ಹೊರಡುವ ಹೊತ್ತಿಗೆ ಕೇರಿಯ ತುದಿಯಲ್ಲಿ ಬಹಳ ಚಪ್ಪಲಿಗಳ ಸಪ್ಪಳವಾಯಿತು. ಊರವರು ಕೇರಿಯೊಳಗೆ ಕಾಲಿಡಲಿಲ್ಲ. ಹೊರಗೇ ನಿಂತು ಕೂಗಿದರು.

'ಪರಪ್ಪಾ! ಬಾಯಾಗಲ್ಲೋ ಆಕಿ ಮಾಟ ಇರೂದು! ಬೆರಳಾಗ ಐತಿ! ಬೆರಳಿಲೆ ಓದಿದ್ದು ಎಲ್ಲಾರೂ ನೋಡೇವಿ. ಕೊಡ್ಲಿ ತಗೊಂಡ ಬಾ!'

ಬಾಳಮ್ಮನ ಕೈ ತಾನಾಗಿ ಕಂಕುಳಿಗೆ ಹೋಯಿತು. ಪರಪ್ಪ ಗುಡಿಸಲಿನ ಬಾಗಿಲಲ್ಲಿ ನಿಂತಿದ್ದ. ಅವನ ಉಸಿರು ಅವಳಿಗೆ ಕೇಳುತ್ತಿತ್ತು. ಅವ ಕೊಡಲಿಗೆ ಕೈ ಹಾಕಲಿಲ್ಲ. ಬರಿಗೈಯಲ್ಲಿ ಊರವರ ಎದುರಿಗೆ ಹೋದ.

'ನಾ ಮುಟ್ಟಂಗಿಲ್ಲ,' ಎಂದ. ಅವ ಊರವರ ಮುಂದೆ ಅಷ್ಟು ಜೋರಾಗಿ ಮಾತಾಡಿದ್ದನ್ನು ಬಾಳಮ್ಮ ಎಂದೂ ಕೇಳಿರಲಿಲ್ಲ. 'ಅವತ್ತ ನನ್ನ ಕೈಲೆ ಮಾಡಿಸಿದ್ರಿ. ಎರಡ ದಿನ ಆತು, ಈ ಕೈಲೆ ತುತ್ತ ಎತ್ತಾಕ ಆಗವಲ್ಲದು ನನಗ. ಬೆರಳ ಬೇಕೇನ್ರಿ? ನೀವ ಬರ್ರಿ. ನೀವ ಹಿಡೀರಿ ಆಕಿ ಕೈ. ಬರ್ರಿ, ಯಾವಾವ ಬರ್ತೀರಿ ಬರ್ರಿ!'

ಯಾರೂ ಬರಲಿಲ್ಲ. ಒಬ್ಬನ ಹೆಜ್ಜೆಯೂ ಮುಂದೆ ಬೀಳಲಿಲ್ಲ. ನೀ ಹೋಗು, ನೀ ಹೋಗು ಎಂಬ ಗುಜುಗುಜು ಮಾತ್ರ. ಅಷ್ಟರಲ್ಲಿ ಗೌಡನ ದನಿ ಬಂತು. 'ಎಲಾ ಭಾಡ್ಯಾ, ನನ್ನ ಅನ್ನ ತಿಂದು ನನಗ ಎದುರ ಮಾತಾಡ್ತೀ?' ಯಾರದೋ ಕೈಯ ಬಡಿಗೆ ಕಸಿದುಕೊಂಡ ಸಪ್ಪಳ. ಮತ್ತೆ ಮೊದಲನೆಯ ಏಟು. ಬಡಿಗೆಯಿಂದ ಬಡಿಯಲು ಮುಟ್ಟುವ ಕೆಲಸವಿಲ್ಲ. ಮೈಲಿಗೆಯಾಗುವುದಿಲ್ಲ. ಪರಪ್ಪ ಕೆಳಗೆ ಬಿದ್ದ.

'ಅಕ್ಕಾ, ಹಿಂದಿನ ದಾರೀಲೆ ಹೋಗ! ಬಸ್ಸಿಗೆ ಹೋಗ!' ಎಂದು ಅವ ಒದರುತ್ತಿದ್ದ.

ಗುಡಿಸಲಿನ ಹಿಂದೆ ದಾರಿ ಇತ್ತು. ಅವಳಿಗೆ ಗೊತ್ತಿದ್ದ ದಾರಿ. ಬಾಳಮ್ಮ ಅತ್ತ ಹೋಗಲಿಲ್ಲ. ಗಂಟನ್ನು ಅವ್ವನ ಕಡೆ ಒಗೆದು, ಏಟಿನ ಸಪ್ಪಳ ಬರುತ್ತಿದ್ದ ಕಡೆ ನಡೆದಳು. ಕಂಕುಳಲ್ಲಿದ್ದ ಎರಡೂ ಕೈ ಹೊರಗೆ ತೆಗೆದು ಮುಂದಕ್ಕೆ ಚಾಚಿದಳು, ಹತ್ತೂ ಬೆರಳು ಬಿಚ್ಚಿ. ಚಪ್ಪಲಿಗಳು ಗಡಬಡಿಸಿ ಹಿಂದೆ ಸರಿದವು. 'ಬಂದ್ಲು, ಬಂದ್ಲು, ಸರೀರಿ, ಮುಟ್ಟತಾಳ!' ಹಾಗೆ ಕೂಗುತ್ತ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದರು.

ಬಡಿಗೆ ಅವಳ ಭುಜದ ಮೇಲೆ ಬಿತ್ತು. ಇನ್ನೊಂದು ಸಲ ಬಿದ್ದಾಗ ಅವಳು ಅದನ್ನು ಹಿಡಿದುಕೊಂಡಳು. ಅತ್ತಲಿಂದ ಜಗ್ಗಿದರು. ಬೀಸುಕಲ್ಲು ತಳ್ಳಿದ ಕೈ, ಬಿಡಲಿಲ್ಲ. ಬಡಿಗೆಯ ಮೇಲೆ ಬೆರಳು ಸರಿಸುತ್ತ ಹೋದಳು. ಒಂದು ಗಂಟು ಸಿಕ್ಕಿತು. ದಾಟಿದಳು. ಒಂದು ಸೀಳು ಸಿಕ್ಕಿತು. ದಾಟಿದಳು. ಬಡಿಗೆಯ ಆ ತುದಿಯಲ್ಲಿ ಒಂದು ಕೈ ಇತ್ತು. ದಪ್ಪ ಕೈ. ಬೆರಳಿಗೆ ಉಂಗುರ. ಬಾಳಮ್ಮ 'ರಿ' ಬಿಟ್ಟು, ಮುಂದಿನ ಹಲ್ಲಿಲ್ಲದ ಬಾಯಿಂದ, ಎಲ್ಲರಿಗೂ ಕೇಳುವಂತೆ ಮಾತಾಡಿದಳು.

'ಗೌಡಾ, ನಿನ್ನ ಕೈ ಇದು. ಮುಟ್ಟೇನಿ. ಈಗ ಏನ ಕೀಳತೀ, ನೀನ ಕೀಳು.'